ಕುರೂಪಿ ಎಂಜಿನುಗಳ ಪರವಾಗಿ

ರೈಲು ಎಂಜಿನಿನ ಚೆಲುವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಪ್ಲಾಟ್‌ಫಾರಂ ಮೇಲೆ ನಿಂತವರು. ಬಂಡಿಯನ್ನು ನಡೆಸುವವರಲ್ಲ, ಹಳಿಯ ಮೇಲೆ ಬಾಗಿ ಕೀಲು ಬಿಗಿಯುವವರೂ ಅಲ್ಲ. ನೀಳವಾದ ಮೂಗು, ನುಣುಪಾದ ಮೈ, ಹೊಂದಿಕೆಯ ಬಣ್ಣ ಇವಿಷ್ಟಿದ್ದರೆ ಅವರಿಗೆ ಅದು ಸುಂದರ, ಇಲ್ಲದಿದ್ದರೆ ಕುರೂಪ. ನಾನೂ ಪ್ಲಾಟ್‌ಫಾರಂ ಮೇಲಿನವನೇ. ಪುಣೆಯಲ್ಲಿ ನೆಲೆಸಿ, ಕೆಲಸದ ನಿಮಿತ್ತ ಮುಂಬಯಿಗೆ ಆಗಾಗ ಹೋಗಿಬರುವಾಗ ಎಂಜಿನುಗಳನ್ನು ನೋಡುವ ಚಟ ಹತ್ತಿಕೊಂಡಿತು. ನೋಡುತ್ತ ಬಂದಂತೆ ನನ್ನ ಒಲವು ಚೆಲುವಾದವುಗಳಿಗಿಂತ ವಿಕಾರವಾದವುಗಳ ಕಡೆಗೇ ವಾಲಿತು.

ಈ ಮಾರ್ಗದ ಚರಿತ್ರೆಯಲ್ಲೇ ಒಂದು ಮಹಾ ಕುರೂಪಿ ಇದೆ. ಕರ್ಜತ್ ದಾಟಿದ ಮೇಲೆ ಭೋರ್ ಘಾಟ್ ಮೂವತ್ತೇಳು ಅಡಿ ಸಾಗುವುದರೊಳಗೆ ಒಂದು ಅಡಿ ಮೇಲೇರುವಷ್ಟು ಕಡಿದು. 1920ರ ದಶಕದ ಕೊನೆಯಲ್ಲಿ ಜಿಐಪಿ ರೈಲ್ವೆ ಈ ದಾರಿಗೆ ವಿದ್ಯುತ್ತನ್ನು ತಂದಾಗ, ಸರಕು ಬಂಡಿಗಳನ್ನು ಎಳೆಯಲು ಸ್ವಿಟ್ಜರ್ಲೆಂಡಿನ ಗೊಟ್ಹಾರ್ಡ್ ಪರ್ವತಮಾರ್ಗದ ‘ಮೊಸಳೆ’ ಎಂಜಿನುಗಳ ಮಾದರಿಯಲ್ಲಿ ಎಂಜಿನುಗಳನ್ನು ತರಿಸಿತು. ಮುಂದೆ ಡಬ್ಲ್ಯುಸಿಜಿ-1 ಎಂಬ ಹೆಸರು ಪಡೆದವು ಇವೇ. ನಡುವೆ ಒಂದು ಗೂಡು. ಅದರ ಎರಡೂ ಕಡೆಗೆ ತಗ್ಗಾದ ಉದ್ದನೆಯ ಮೂತಿಗಳು. ಕೆಳಗೆ ಉಗಿಬಂಡಿಯಂತೆ ಗಾಲಿಗಳನ್ನು ಜೋಡಿಸುವ ಕಬ್ಬಿಣದ ತೋಳುಗಳು. ನಿಂತಾಗ ನರಳುತ್ತಿತ್ತು, ಓಡುವಾಗ ಓಲಾಡುತ್ತಿತ್ತು. ರೈಲ್ವೆಯ ಮಂದಿ ಅದಕ್ಕೆ ಮರಾಠಿಯಲ್ಲಿ ‘ಖೇಕಡಾ’, ಎಂದರೆ ಏಡಿ, ಎಂದು ಹೆಸರಿಟ್ಟರು. ಆದರೆ ಆ ಆಕಾರ ಯಾರದೋ ತಮಾಷೆಯಲ್ಲ. ಅಂದಿನ ಮೋಟಾರುಗಳು ಗಾಲಿಗಳ ನಡುವೆ ಹಿಡಿಸಲಾರದಷ್ಟು ದೊಡ್ಡವು. ಅವನ್ನು ಮೂತಿಯಲ್ಲಿ ಕೂರಿಸಬೇಕಾಯಿತು. ಘಾಟಿನ ತಿರುವುಗಳಲ್ಲಿ ಅಷ್ಟುದ್ದದ ಮೈ ಬಳುಕಲೆಂದು ಅದನ್ನು ಮೂರು ತುಂಡಾಗಿಸಿ ಕೀಲು ಹಾಕಬೇಕಾಯಿತು. ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದಲ್ಲಿ ಈ ಜಾತಿಯ ಒಂದು ಎಂಜಿನು ಇಂದಿಗೂ ನಿಂತಿದೆ. ಅಲ್ಲಿನ ನಮ್ಮ ಓದುಗರು ಒಮ್ಮೆ ಹೋಗಿ ನೋಡಬೇಕು. ಬೆಟ್ಟವೇ ಎಂಜಿನನ್ನು ಹಿಸುಕಿ ರೂಪಿಸಿದಂತೆ ತೋರುತ್ತದೆ.

ಬೆಟ್ಟದಂತೆ ಯುದ್ಧವೂ ರೂಪಿಸಬಲ್ಲದು. 1942ರಲ್ಲಿ ಇಂಗ್ಲೆಂಡಿನ ಸದರ್ನ್ ರೈಲ್ವೆಗಾಗಿ ಆಲಿವರ್ ಬುಲೀಡ್ ರಚಿಸಿದ ಕ್ಯೂ1 ಉಗಿ ಎಂಜಿನನ್ನು ಅತ್ಯಂತ ಕುರೂಪಿಗಳ ಸಾಲಿಗೆ ಸೇರಿಸುವವರು ಬಹಳ. ಗಾಲಿಗಳ ಮೇಲೆ ಮುಚ್ಚಿಗೆಯಿಲ್ಲ, ಪಕ್ಕದಲ್ಲಿ ನಡೆಹಲಗೆಯಿಲ್ಲ. ಬಾಯ್ಲರಿಗೆ ತಗಡಿನ ಪೆಟ್ಟಿಗೆ ತೊಡಿಸಿದಂತಿದೆ. ಲೋಹಕ್ಕೆ ಬರ ಬಂದ ಕಾಲದಲ್ಲಿ ಬೇಡದ್ದನ್ನೆಲ್ಲ ಕಿತ್ತುಹಾಕಿ ಉಳಿಸಿದ ಹಗುರ ಮೈ ಅದು. ಆ ಹಗುರತನದಿಂದಾಗಿಯೇ ಭಾರಿ ಎಂಜಿನುಗಳಿಗೆ ಪ್ರವೇಶವಿಲ್ಲದ ಹಳಿಗಳ ಮೇಲೂ ಓಡಿತು. ಆರು ಗಾಲಿಯ ತನ್ನ ಜಾತಿಯಲ್ಲಿ ಬ್ರಿಟನ್ನಿಗೇ ಬಲಶಾಲಿಯೂ ಆಯಿತು.

ನಮ್ಮ ಕಡೆಯ ಕುರೂಪಿಯನ್ನೂ ನೆನೆಯೋಣ. 2001ರಲ್ಲಿ ಅಮೆರಿಕದಿಂದ ಬಂದ ಡಬ್ಲ್ಯುಡಿಪಿ-4 ಡೀಸೆಲ್ ಎಂಜಿನುಗಳಿಗೆ ಮೊದಲ ಮನೆಯಾದದ್ದು ಹುಬ್ಬಳ್ಳಿಯ ಶೆಡ್. ಒಂದು ತುದಿಯಲ್ಲಿ ಚಾಲಕನ ಕೋಣೆ, ಹಿಂದೆ ನೀಳವಾದ ಮೈ, ನೋಡಲು ಅಚ್ಚುಕಟ್ಟು. ಮುಂದೆ ಬಂದ ಡಬ್ಲ್ಯುಡಿಪಿ-4ಡಿಯಲ್ಲಿ ಇನ್ನೊಂದು ತುದಿಗೂ ಒಂದು ಕೋಣೆಯನ್ನು ಅಂಟಿಸಿದರು. ಎರಡು ತಲೆಯ ಹಾವಿನಂತಹ ಈ ರೂಪವನ್ನು ರೈಲುಪ್ರಿಯರು ಇಂದಿಗೂ ಆಡಿಕೊಳ್ಳುತ್ತಾರೆ.

ನನ್ನ ಸೋದರಮಾವ ಎಂಜಿನು ನಡೆಸಿದವರು. ಈ ಎರಡನೆಯ ತಲೆಯ ಬಗೆಗೆ ಕೇಳಿದಾಗ ಅವರು ಸೌಂದರ್ಯದ ಮಾತನ್ನೇ ಎತ್ತಲಿಲ್ಲ. ಒಂದೇ ಕೋಣೆಯ ಎಂಜಿನು ಹಿಮ್ಮುಖವಾಗಿ ಓಡುವಾಗ ಆ ಉದ್ದನೆಯ ಮೈ ಕಣ್ಣಿಗೆ ಅಡ್ಡ ನಿಲ್ಲುತ್ತದೆ. ಎಡಗಡೆಯದು ಒಬ್ಬನಿಗೆ ಕಂಡರೆ ಬಲಗಡೆಯದು ಮತ್ತೊಬ್ಬನಿಗೆ. ಸಿಗ್ನಲ್ಲಿನ ಬಣ್ಣವನ್ನು ಒಬ್ಬರಿಗೊಬ್ಬರು ಕೂಗಿ ಹೇಳುವಾಗ ಆ ಕೂಗೇ ಕಣ್ಣು. “ಇದರಾಗ ಎದುರಿನ ಹಳಿ ಕಾಣತದ. ಇನ್ನೇನು ಬೇಕಪಾ?” ಎಂದರು. ನಾವು ಎಂಜಿನನ್ನು ನೋಡುತ್ತೇವೆ. ಅವರು ಎಂಜಿನಿನಿಂದ ನೋಡಿದವರು. ಹಿಂದೆ ಸಾವಿರ ಜನರನ್ನು ಕೂರಿಸಿಕೊಂಡು ಕತ್ತಲಲ್ಲಿ ಓಡುವವನಿಗೆ ಕಿಟಕಿಯೊಂದು ಎಷ್ಟು ಅಗಲವಿದೆ ಎಂಬುದು ಅಲಂಕಾರದ ಪ್ರಶ್ನೆಯಲ್ಲ.

ಬಣ್ಣದ ಮಾತೂ ಹೀಗೆಯೇ. ಬ್ರಿಟನ್ನಿನಲ್ಲಿ 1960ರ ದಶಕದಿಂದ ಎಂಜಿನಿನ ಮುಖಕ್ಕೆ ಕಣ್ಣು ಕುಕ್ಕುವ ಹಳದಿ ಬಳಿಯತೊಡಗಿದಾಗ ಎಷ್ಟೋ ಒಳ್ಳೆಯ ಮುಖಗಳು ಕೆಟ್ಟವು ನಿಜ. ಆದರೆ ಹಳಿಯ ಮೇಲೆ ದುಡಿಯುವವನಿಗೆ ಅದು ದೂರದಿಂದಲೇ ಕಾಣುತ್ತಿತ್ತು. ನಮ್ಮಲ್ಲಿ ಪ್ರತಿ ಶೆಡ್ಡೂ ತನ್ನ ಎಂಜಿನುಗಳಿಗೆ ತನಗೆ ತೋಚಿದ ಬಣ್ಣ ಬಳಿಯುತ್ತಿದ್ದ ಕಾಲವೊಂದಿತ್ತು. ಕೆಲವು ಜೋಡಿಬಣ್ಣಗಳನ್ನು ನೋಡಿದರೆ ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯೇ ನೆನಪಾಗಬೇಕು. ಆದರೂ ಆ ಬಣ್ಣದಿಂದ, ಎಂಜಿನು ಯಾವ ಊರಿನದೆಂದು ದೂರದಿಂದಲೇ ಗುರುತಿಸಬಹುದಿತ್ತು. ಪರವೂರಿನ ನಿಲ್ದಾಣದಲ್ಲಿ ನಮ್ಮ ಶೆಡ್ಡಿನ ಬಣ್ಣ ಕಂಡರೆ, ಜನಜಂಗುಳಿಯ ನಡುವೆ ಯಾರೋ ಕನ್ನಡದಲ್ಲಿ ಕರೆದಂತಾಗುತ್ತಿತ್ತು.

ಈಗ ಕೆಲವು ಎಂಜಿನುಗಳಿಗೆ ಅಡಿಯಿಂದ ಮುಡಿಯವರೆಗೆ ಜಾಹೀರಾತಿನ ಹಾಳೆಯನ್ನು ಸುತ್ತುತ್ತಾರೆ. ಅಂಚು ನೇರ, ಅಕ್ಷರ ಮುದ್ದು, ಬಣ್ಣ ಹೊಳಪು. ರೈಲ್ವೆಗೆ ವರಮಾನವೂ ಬೇಕು, ಅದನ್ನು ಅಲ್ಲಗಳೆಯಲಾರೆ. ಆದರೆ ಆ ಹೊಳಪಿನಲ್ಲಿ ಬೆಟ್ಟವೂ ಇಲ್ಲ, ಊರೂ ಇಲ್ಲ, ಚಾಲಕನ ಕಣ್ಣೂ ಇಲ್ಲ. ಕುರೂಪವೆಂದು ಕರೆಯಬೇಕಾದದ್ದು ಏನಾದರೂ ಇದ್ದರೆ, ನನ್ನ ಮಟ್ಟಿಗೆ ಅದು ಇದೇ.