ಆಟಕ್ಕುಂಟು, ಲೆಕ್ಕಕ್ಕಿಲ್ಲ

ಸಂಜೆಯಾದರೆ ಪುಣೆಯ ವಾಕಡದಲ್ಲಿ ಎರಡು ಗದ್ದಲ. ಹಿಂಜವಡಿಯ ಐಟಿ ಪಾರ್ಕಿನಿಂದ ಭೂಮ್ಕರ್ ಚೌಕದವರೆಗೆ ನಿಂತ ಗಾಡಿಗಳದ್ದೊಂದು. ಸೊಸೈಟಿಯ ಟವರುಗಳ ನಡುವಿನ ಸಿಮೆಂಟು ಅಂಗಳದಲ್ಲಿ ಮಕ್ಕಳ ಕ್ರಿಕೆಟ್ಟಿನದ್ದು ಇನ್ನೊಂದು. ಮರಾಠಿ, ಹಿಂದಿ, ತೆಲುಗು, ವಿಜಯಪುರ-ಬೆಳಗಾವಿ ಕಡೆಯ ನಮ್ಮ ಕನ್ನಡ, ಎಲ್ಲದರಲ್ಲೂ ಜಗಳ ನಡೆಯುತ್ತದೆ. ನಿಂತು ಕೇಳುವುದೆಂದರೆ ನನಗೆ ಬಲು ಇಷ್ಟ. ಬಾಲು ಕೆಳಗಿನ ಮನೆಯ ಬಾಲ್ಕನಿಗೆ ಬಿದ್ದರೆ ಔಟು. ನಿಂತ ಕಾರಿಗೆ ತಗುಲಿದರೆ ಎರಡು ರನ್ನು ಕಟ್. ಗೋಡೆಗೆ ಬಡಿದು ಬಂದದ್ದನ್ನು ಒಂದೇ ಕೈಯಲ್ಲಿ ಹಿಡಿದರೂ ಔಟು. ಇದನ್ನೆಲ್ಲ ಯಾರೂ ಬರೆದುಕೊಟ್ಟದ್ದಲ್ಲ, ದಿನಾ ಕೂಗಾಡಿ ಅವರೇ ಮಾಡಿಕೊಂಡದ್ದು.

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಗೋಲಿ ಆಡುವ ಹುಡುಗರ ಜೊತೆ ಕೂತು, ಅವರ ಆಟದ ನಿಯಮಗಳನ್ನು ಕೇಳಿ ತಿಳಿದು, 1932ರಲ್ಲಿ ಮಕ್ಕಳ ನ್ಯಾಯಪ್ರಜ್ಞೆಯ ಬಗ್ಗೆ ಪುಸ್ತಕ ಬರೆದರು. ಚಿಕ್ಕ ಮಗುವಿಗೆ ನಿಯಮವೆಂದರೆ ದೊಡ್ಡವರು ಇಟ್ಟದ್ದು, ಮುಟ್ಟಬಾರದ್ದು. ಹತ್ತು-ಹನ್ನೊಂದು ವರ್ಷದ ಹೊತ್ತಿಗೆ, ಎಲ್ಲರೂ ಒಪ್ಪಿದರೆ ಅದನ್ನು ಬದಲಿಸಬಹುದು ಎಂಬ ತಿಳಿವಳಿಕೆ ಬರುತ್ತದೆ. ನ್ಯಾಯವನ್ನು ನಾವು ಕಲಿತದ್ದು ಹೀಗೆಯೇ ಅಲ್ಲವೇ? ಹಾಗೆ ನೋಡಿದರೆ ಪುಣೆಗೂ ನಿಯಮ ಕಟ್ಟುವ ಹಳೆಯ ನಂಟಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಬ್ಯಾಡ್ಮಿಂಟನ್ನಿಗೆ ಕಟ್ಟುಪಾಡು ಮಾಡಿದರು. ಕೆಲಕಾಲ ಆ ಆಟಕ್ಕೆ ‘ಪೂನಾ’ ಎಂದೇ ಹೆಸರಿತ್ತು.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ನಿಯಮ ಬೇರೆ. ಬ್ಯಾಟನ್ನು ಎತ್ತಲೂ ಆಗದ ನಾಲ್ಕು ವರ್ಷದ ತಮ್ಮನೊಬ್ಬ ನಡುವೆ ಬಂದು ನಿಲ್ಲುತ್ತಾನೆ. ಬೌಲರು ಎರಡು ಹೆಜ್ಜೆ ಮುಂದೆ ಬಂದು ಮೆಲ್ಲಗೆ ಎಸೆಯುತ್ತಾನೆ. ಬಾಲು ಸ್ಟಂಪಿಗಿಟ್ಟ ಪ್ಲಾಸ್ಟಿಕ್ ಕುರ್ಚಿಗೆ ಬಡಿದರೂ ಎಲ್ಲರೂ ‘ನಾಟೌಟ್!’ ಎನ್ನುತ್ತಾರೆ. ಮರಾಠಿ ಹುಡುಗರಿಗೆ ಅವನು ಲಿಂಬೂ-ಟಿಂಬೂ. ನಮಗೆ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಚೌಕಾಬಾರದಲ್ಲಿ ಮೊಮ್ಮಗಳ ಕಾಯಿ ಹೊಡೆಯುವ ಗರ ಬಿದ್ದರೂ ಬೇರೆ ಕಾಯಿ ನಡೆಸುತ್ತಿದ್ದ ಅಜ್ಜಿಯರದ್ದೂ ಇದೇ ನಿಯಮ. ಸೋಲಿನ ಭಯವಿಲ್ಲದೆ ಒಳಗೆ ಬಾ, ಕೈ ಪಳಗಲಿ, ಆಮೇಲೆ ಲೆಕ್ಕ.

ಆಟದಿಂದ ಮನಸ್ಸಿಗೆ ಮದ್ದು ಮಾಡುವವರು ಹಿಡಿದದ್ದೂ ಇದೇ ದಾರಿ. ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ ಆಟಚಿಕಿತ್ಸೆಯ ಬಗ್ಗೆ ಬರೆದ ಪುಸ್ತಕದ ತಿರುಳು ಸರಳ: ಮಗುವನ್ನು ಇದ್ದ ಹಾಗೇ ಒಪ್ಪಿಕೊಳ್ಳಿ, ಅವಸರ ಮಾಡಬೇಡಿ, ಆಟದ ದಾರಿಯನ್ನು ಅದೇ ಹಿಡಿಯಲಿ, ಕಟ್ಟುಪಾಡು ತೀರಾ ಬೇಕಾದಷ್ಟೇ ಇರಲಿ. ಬಾಯಲ್ಲಿ ಹೇಳಲಾಗದ ಸಂಕಟವನ್ನು ಮಗು ಗೊಂಬೆಯ ಕೈಯಲ್ಲಿ ಆಡಿಸಿ ತೋರಿಸುತ್ತದೆ. ಅಲ್ಲಿ ಗೆದ್ದವರಿಲ್ಲ, ಸೋತವರಿಲ್ಲ. ಜೊತೆಗೆ ಕೂತು ನೋಡುವ ಒಬ್ಬ ದೊಡ್ಡವರಿದ್ದಾರೆ.

ಹಾಗಿದ್ದರೆ ಅದೇ ಅಂಗಳದ ದೊಡ್ಡ ಹುಡುಗ ಮೊಬೈಲ್ ಹಿಡಿದರೆ ಏಕೆ ಬದಲಾಗುತ್ತಾನೆ? ಪಕ್ಕದ ವಿಂಗಿನ ಅಂಥ ಹುಡುಗನೊಬ್ಬನ ತಾಯಿ, ವಿಜಯಪುರದವರು, ಒಮ್ಮೆ ಲಿಫ್ಟಿನ ಹತ್ತಿರ ನಿಲ್ಲಿಸಿ ಹೇಳಿದರು: “ಕಾಕಾ, ಹೊರಗ ಎಷ್ಟ ಛಲೋ ಇರ್ತಾನ ನೋಡ್ರಿ. ಹೆಡ್‌ಫೋನ್ ಹಾಕ್ಕೊಂಡ ಅಂದ್ರ ಬಾಯಾಗ ಬರೇ ಬೈಗಳ. ಯಾರಿಗಿ ಬೈತಾನ, ಅವನಿಗೇ ಗೊತ್ತಿಲ್ಲ.”

ಉತ್ತರ ಅವರ ಕೊನೆಯ ಮಾತಿನಲ್ಲೇ ಇದೆ. ಹೆಸರು, ಮುಖ ಕಾಣದ ಕಡೆ ಮನುಷ್ಯರ ಹಿಡಿತ ಸಡಿಲವಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲೇ ವಿವರಿಸಿದ್ದರು. ಅಂಗಳದಲ್ಲಿ ಬೈಸಿಕೊಂಡವನ ಮನೆಯ ಬ್ಯಾಟೇ ನಾಳೆಯ ಆಟಕ್ಕೂ ಬೇಕು, ಆದ್ದರಿಂದ ರಾಜಿಯಾಗಲೇಬೇಕು. ಪರದೆಯ ಆಟದಲ್ಲಿ ಎದುರಾಳಿ ನಾಳೆ ಸಿಗುವುದಿಲ್ಲ. ನಿಯಮ ಸಾಫ್ಟ್‌ವೇರಿನೊಳಗೆ ಬೀಗ ಹಾಕಿ ಕೂತಿದೆ, ವಾದಿಸಿ ಬದಲಿಸುವಂತಿಲ್ಲ. ಸಿಟ್ಟಿಗೆ ಉಳಿದ ದಾರಿ ಬೈಗುಳ ಒಂದೇ, ಅದೂ ತಂಡದಲ್ಲಿ ಹೊಸಬನಾದವನ ಮೇಲೆ. ಅಲ್ಲಿ ಪ್ರತಿ ಸಾವಿಗೂ ಅಂಕ, ಪ್ರತಿ ಸೋಲಿಗೂ ರ‍್ಯಾಂಕು. ಎಲ್ಲರೂ ಲೆಕ್ಕಕ್ಕುಂಟು.

ಬೈಯುವವರೆಲ್ಲ ಕೆಟ್ಟವರೇನಲ್ಲ. ‘ಲೀಗ್ ಆಫ್ ಲೆಜೆಂಡ್ಸ್’ ಆಟದ ರಯಟ್ ಗೇಮ್ಸ್ ಕಂಪನಿ ತನ್ನ ಆಟಗಾರರನ್ನು ಪರಿಶೀಲಿಸಿದಾಗ, ಸದಾ ಕೆಟ್ಟದಾಗಿ ನಡೆದುಕೊಳ್ಳುವವರು ನೂರಕ್ಕೆ ಒಬ್ಬರು ಎಂದು ಕಂಡಿತು. ಒಟ್ಟು ಕೆಟ್ಟ ನಡತೆಯಲ್ಲಿ ಅವರ ಪಾಲು ಶೇಕಡಾ 5ರಷ್ಟೇ. ಉಳಿದದ್ದು ಬಹುಪಾಲು ಸಾಮಾನ್ಯರದ್ದು, ಮನಸ್ಸು ಸರಿಯಿಲ್ಲದ ದಿನ ಆಡಿದ್ದು. ನನಗೆ ಇದರಲ್ಲಿ ದೊಡ್ಡ ಸಮಾಧಾನವಿದೆ. ಹುಡುಗ ಕೆಟ್ಟಿಲ್ಲ, ಅವನು ಆಡುವ ಅಂಗಳ ಸರಿಯಿಲ್ಲ.

ಪರದೆಯ ಆಟ ಚಟವೇ ಆಗಿದ್ದರೆ ಮಾತು ಬೇರೆ. ಹಿಡಿತ ತಪ್ಪಿ, ಉಳಿದೆಲ್ಲವೂ ಹಿಂದಾಗಿ, ನಷ್ಟ ಕಂಡರೂ ಬಿಡಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆಂದು ‘ಶಟ್’ ಕ್ಲಿನಿಕ್ ಇದೆ. ಅಲ್ಲಿಗೆ ಹೋಗಲು ಸಂಕೋಚ ಬೇಡ. ಆಟವೇ ಬ್ಯಾನ್ ಆದರೆ ಸಾಕು ಎಂದು ಕಾಯುವುದರಿಂದ ಪ್ರಯೋಜನವಿಲ್ಲ: 2020ರ ಸೆಪ್ಟೆಂಬರಿನಲ್ಲಿ ಪಬ್ಜಿ ನಿಷೇಧವಾದದ್ದು ದೇಶದ ಭದ್ರತೆಯ ಕಾರಣಕ್ಕೆ, ಮರುವರ್ಷವೇ ಅದು ಬೇರೆ ಹೆಸರಲ್ಲಿ ಬಂತು.

ಉಳಿದ ಮಕ್ಕಳಿಗೆ ನಾವು ಮಾಡಬಹುದಾದದ್ದು ಕೈಗೆಟುಕುವಷ್ಟೇ ಇದೆ. ಅಪರಿಚಿತರ ವಾಯ್ಸ್ ಚಾಟ್ ಮುಚ್ಚಿಸಿ, ಗೆಳೆಯರ ತಂಡದಲ್ಲೇ ಆಡಲು ಹೇಳಿ. ಪಕ್ಕದಲ್ಲಿ ಕೂತು ‘ನನಗೂ ಕಲಿಸಪ್ಪಾ’ ಎನ್ನಿ; ಲೆಕ್ಕಕ್ಕಿಲ್ಲದ ಆಟಗಾರರಾಗಿ ಸೇರಿಕೊಳ್ಳಿ. ಅಂಗಳದ ಜಗಳಕ್ಕೆ ತಕ್ಷಣ ಪಂಚಾಯ್ತಿಗೆ ಇಳಿಯಬೇಡಿ. ಸೊಸೈಟಿಯ ಸಭೆಯಲ್ಲಿ ‘ಇಲ್ಲಿ ಬಾಲ್ ಆಡಬಾರದು’ ಎಂಬ ಬೋರ್ಡಿನ ಮಾತು ಬಂದರೆ ನಾನಂತೂ ಎದ್ದು ಬೇಡ ಎನ್ನುತ್ತೇನೆ. ನೀವೂ ಕೈ ಎತ್ತಿ.