ಭೀಮಗಡದ ಮಂಗಟ್ಟೆಯೂ ನಮ್ಮ ಕ್ಯಾಮೆರಾವೂ

ಕಳೆದ ಫೆಬ್ರವರಿಯ ಒಂದು ಮುಂಜಾವು ಬೆಳಗಾವಿಯ ನಾಗನೂರು ರುದ್ರಾಕ್ಷಿಮಠಕ್ಕೆ ಹೋಗಿ ನಮಿಸಿ, ನಾವು ಸಕುಟುಂಬವಾಗಿ ಖಾನಾಪುರದ ದಾರಿ ಹಿಡಿದೆವು. ಸುಮಾರು 26 ಕಿ.ಮೀ. ಪಯಣ. ಹಂಚು, ಮಡಕೆಗಳಿಗೆ ಹೆಸರಾದ ಆ ಊರ ಮಗ್ಗುಲಲ್ಲಿ ಹರಿಯುವ ಮಲಪ್ರಭೆ ಇದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಅಣ್ಣ ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಸಂಗಮವನ್ನು ಹಲವು ಸಲ ಕಂಡಿದ್ದ ನಮಗೆ ಅವಳ ತವರುಸೀಮೆಯ ಕಾಡು ಮಾತ್ರ ಹೊಸದು.

2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಅರಣ್ಯ ಸುಮಾರು 190 ಚದರ ಕಿ.ಮೀ. ವಿಸ್ತಾರವುಳ್ಳದ್ದು. ಅನುಮತಿ ಪಡೆದು, ಅರಣ್ಯ ಕಾವಲುಗಾರರೊಬ್ಬರ ಜೊತೆಯಲ್ಲಿ ಹೆಮ್ಮಡಗಾದ ಕಡೆಯಿಂದ ಒಳಹೊಕ್ಕೆವು. ಹಗಲಿನಲ್ಲಿಯೂ ಅಲ್ಲಿ ಮಬ್ಬುಬೆಳಕು. ಕಾಲುದಾರಿಯಿಂದಲೇ ಹೆಮ್ಮರವೊಂದರ ಪೊಟರೆ ಕಾಣುತ್ತಿತ್ತು. ಮಂಗಟ್ಟೆ ಹಕ್ಕಿಯ ಗೂಡು! ಹೆಣ್ಣು ಪೊಟರೆಯೊಳಗೆ ಕುಳಿತು, ಹಿಕ್ಕೆಯೇ ಮೊದಲಾದುವುಗಳಿಂದ ಬಾಗಿಲನ್ನು ಮೆತ್ತಿಕೊಂಡು, ಕಿರಿದಾದ ಬಿರುಕನ್ನಷ್ಟೇ ಉಳಿಸಿಕೊಳ್ಳುತ್ತದೆ. ಮುಂದೆ ವಾರಗಟ್ಟಲೆ ಅದರ ಅನ್ನ ಗಂಡಿನ ಕೊಕ್ಕಿನಲ್ಲಿ.

ಉತ್ಸಾಹ ತಡೆಯದೆ ನಾವು ಹತ್ತು ಮೀಟರಿನಷ್ಟು ಸಮೀಪಕ್ಕೆ ಸರಿದೆವು. ಗಂಡು ಬಂದಿತು, ಒಂದು ಹಣ್ಣು ಕೊಟ್ಟು ಹಾರಿತು. ಚಿತ್ರವನ್ನು ನೋಡಿದರೆ ಬಾಲದ ಗರಿಗಳು ಸ್ಪಷ್ಟ, ಕಣ್ಣೂ ಕೊಕ್ಕೂ ಮಸುಕು.

ತಪ್ಪು ನಮ್ಮದೇ. ಲೆನ್ಸಿನ ಅಪರ್ಚರ್ ಕಣ್ಣಿನ ಪಾಪೆಯಂತೆ ಹಿಗ್ಗಿ ಕುಗ್ಗುವ ರಂಧ್ರ. ವಿಚಿತ್ರವೆಂದರೆ ಅದರ ಅಂಕೆ ಕಿರಿದಾದಷ್ಟೂ ರಂಧ್ರ ಹಿರಿದು. ರಂಧ್ರ ಹಿರಿದಾದರೆ ಬೆಳಕು ಹೆಚ್ಚು, ಆದರೆ ಸ್ಪಷ್ಟವಾಗಿ ಮೂಡುವ ಆಳ, ಅಂದರೆ ಡೆಪ್ತ್ ಆಫ್ ಫೀಲ್ಡ್, ಕಡಿಮೆ. ನಮ್ಮ 300 ಮಿ.ಮೀ. ಲೆನ್ಸಿನಲ್ಲಿ ಎಫ್ 5.6 ಇಟ್ಟಾಗ ಹತ್ತು ಮೀಟರಿನಲ್ಲಿ ಆ ಆಳ ಸುಮಾರು ಒಂದೂಕಾಲು ಅಡಿ ಮಾತ್ರ. ಕೊಂಬೆಯಲ್ಲಿ ಅಡ್ಡಲಾಗಿ ಕುಳಿತ ಹಕ್ಕಿಗೆ ಅದು ಸಾಕು, ಹಿಂದಿನ ಎಲೆಗಳು ಕರಗಿ ಚಿತ್ರಕ್ಕೆ ಶೋಭೆಯೂ ಬರುತ್ತದೆ. ನಮ್ಮ ಕಡೆಗೆ ಬಾಲ ಚಾಚಿ ಪೊಟರೆಗೆ ಬಾಗಿದ ಹಕ್ಕಿಗೆ ಎಲ್ಲಿ ಸಾಲಬೇಕು? ಎಫ್ 11ಕ್ಕೆ ತಿರುಗಿಸಿದೆವು. ಬೆಳಕು ಕಾಲುಭಾಗಕ್ಕೆ ಇಳಿಯಿತು. ಸೆಕೆಂಡಿನ 500ನೆಯ ಒಂದು ಭಾಗವಿದ್ದ ಷಟರ್ ವೇಗ 125ಕ್ಕೆ ಬಂತು. ತಲೆ ಕೊಡಹುವ ಹಕ್ಕಿಗೆ ಅದು ಸಾಲದು. ಐಎಸ್‌ಓ ಏರಿಸಿದರೆ ಚಿತ್ರ ಮರಳುಮರಳು.

ಈ ಲೆಕ್ಕದಲ್ಲಿರುವಾಗ ಗಂಡು ಮರಳಿ ಬಂದು ಪಕ್ಕದ ಮರದಲ್ಲಿ ಕುಳಿತಿತು. ಗೂಡಿಗೆ ಬಾರದು, ಹಾರಿಯೂ ಹೋಗದು. ಹಿಂದಿನಿಂದ ಬಂದ ಕಾವಲುಗಾರರು ಮೆಲ್ಲಗೆ, “ಹಿಂದ ಸರೀರಿ ಸಾಹೇಬ್ರ, ಒಳಗ ಬಾಣಂತಿ ಕುಂತಾಳ್ರಿ” ಎಂದರು. ನಮ್ಮ ತಾಯಿಯವರು ಅಷ್ಟು ಕೇಳಿದ್ದೇ ತಡ, ಮಕ್ಕಳ ಕೈಹಿಡಿದು ಹಿಂದಕ್ಕೆ ನಡೆದೇಬಿಟ್ಟರು. ನಾವು ನಾಚಿಕೆಯಿಂದ ಹಿಂಬಾಲಿಸಿದೆವು.

ಇಪ್ಪತ್ತು ಮೀಟರಿನಾಚೆ ಪೊದೆಯ ಮರೆಯಲ್ಲಿ ನಿಂತಾಗ ಹೊಳೆದದ್ದು: ದೂರ ಇಮ್ಮಡಿಯಾದರೆ ಸ್ಪಷ್ಟತೆಯ ಆಳ ಸರಿಸುಮಾರು ನಾಲ್ಮಡಿ. ಎಫ್ 5.6ರಲ್ಲಿಯೇ ಐದಡಿ ದೊರೆಯಿತು, ಷಟರ್ ವೇಗವೂ ಉಳಿಯಿತು. ತುಸು ಹೊತ್ತಿನಲ್ಲಿ ಗಂಡು ಗೂಡಿಗೆ ಬಂದಿತು.

ಚಿತ್ರದಲ್ಲಿ ಹಕ್ಕಿ ಚಿಕ್ಕದಾಯಿತೆಂದು ಮನೆಗೆ ಬಂದವರು ಆಕ್ಷೇಪಿಸುವುದುಂಟು. ಗಂಡಿನ ಕೊಕ್ಕಿನ ತುದಿಯ ಹಣ್ಣು, ಬಿರುಕಿನಿಂದ ಹೊರಚಾಚಿದ ಹೆಣ್ಣಿನ ಕೊಕ್ಕು ಎರಡೂ ಅದರಲ್ಲಿ ಸ್ಪಷ್ಟವಾಗಿವೆ.