ಕಸಿ ಕಲಿಸುವ ಮನೆಯಿಂದ

ಶಿರಸಿ ಸೀಮೆ, ಆಷಾಢ

ಪ್ರೀತಿಯ ಸತೀಶ,

ಇಲ್ಲಿ ಫೋನು ಸಿಗಬೇಕೆಂದರೆ ಮನೆ ಹಿಂದಿನ ಸೊಪ್ಪಿನ ಬೆಟ್ಟ ಹತ್ತಬೇಕು, ಹತ್ತಿದರೆ ಕಾಲಿಗೆಲ್ಲ ಉಂಬಳ. ಅದಕ್ಕೇ ಕಾಗದ.

ನಮ್ಮ ತಿಪಟೂರಿನ ತೋಟದಲ್ಲಿ ಪೇಟೆಯವರಿಗೆ ತರಗತಿ ನಡೆಸಿದರೆ ಹೇಗೆ ಅಂತ ಕೇಳಿದ್ದೆಯಲ್ಲ. ಅಣಬೆ, ಸ್ಪಿರುಲಿನಾ, ತಾರಸಿ ತೋಟ ಅಂತ ಉದ್ದದ ಪಟ್ಟಿಯನ್ನೂ ಕಳಿಸಿದ್ದೆ. ಹೌದು, ಇಲ್ಲ ಅನ್ನುವ ಮೊದಲು ಆ ಕೆಲಸ ಮಾಡುತ್ತಿರುವವರ ಮನೆಯನ್ನು ಕಣ್ಣಾರೆ ನೋಡಬೇಕೆನಿಸಿತು. ಇವರದು ಎರಡು ಎಕರೆ ಅಡಿಕೆ ತೋಟ. ಮಳೆಗಾಲದಲ್ಲಿ ಅಪ್ಪೆಮಿಡಿಗೆ ಕಸಿ ಕಟ್ಟುವುದನ್ನು ಕಲಿಸುತ್ತಾರೆ, ಮಳೆ ಮುಗಿದ ಮೇಲೆ ತುಡುವೆ ಜೇನು ಸಾಕುವುದನ್ನು. ಅಷ್ಟೇ, ಮೂರನೆಯದಿಲ್ಲ.

ಅಮ್ಮನ ಭರಣಿಯಲ್ಲಿರುವ ಮಿಡಿ ಉಪ್ಪಿನಕಾಯಿಯ ತವರು ಇದು. ಅಘನಾಶಿನಿ, ಶರಾವತಿಯ ದಡಗಳಲ್ಲಿ ತಾನಾಗಿ ಬೆಳೆದ ಮರಗಳು. ಒಂದರ ಸೊನೆಯ ಪರಿಮಳ ಇನ್ನೊಂದಕ್ಕಿಲ್ಲ. ಗೊರಟೆ ನೆಟ್ಟರೆ ತಾಯಿಮರದ ಗುಣವೇ ಬರುತ್ತದೆಂಬ ಭರವಸೆ ಇಲ್ಲ. ಮಿಡಿ ಕೊಯ್ಯುವ ಅವಸರದಲ್ಲಿ ಕೊಂಬೆಗಳನ್ನೇ ಕಡಿದು ಎಷ್ಟೋ ಮರಗಳು ಹೋಗಿವೆ. ಮರ ಹೋದರೆ ಆ ರುಚಿಯೂ ಹೋದಂತೆ, ಕಸಿ ಕಟ್ಟಿ ಉಳಿಸಿಕೊಂಡಿದ್ದರೆ ಮಾತ್ರ ಉಂಟು. ಅನಂತಭಟ್ಟನ ಅಪ್ಪೆ ಅನ್ನುವ ತಳಿ ಇವತ್ತು ಊರೂರಿನ ತೋಟಗಳಲ್ಲಿ ಇರುವುದು ಕಸಿಯ ದೆಸೆಯಿಂದಲೇ.

ತರಗತಿ ನಡೆಯುವುದು ಜಗಲಿಯಲ್ಲಿ. ಬಂದವರು ಹತ್ತು ಜನ. ಅದಕ್ಕಿಂತ ಹೆಚ್ಚು ಜನರನ್ನು ಯಜಮಾನರು ಸೇರಿಸಿಕೊಳ್ಳುವುದಿಲ್ಲ, ಹತ್ತು ಜೊತೆ ಕೈಗಳನ್ನು ಮಾತ್ರ ತನ್ನ ಕಣ್ಣು ಕಾಯಬಲ್ಲದು ಅನ್ನುತ್ತಾರೆ. ಭಾಷಣವಿಲ್ಲ, ಪರದೆ ಇಲ್ಲ. ಎಲ್ಲರ ಕೈಗೂ ಒಂದೊಂದು ಚಾಕು, ಮುಂದೆ ಬೇಲಿಯಿಂದ ತಂದ ಕಡ್ಡಿಗಳ ರಾಶಿ. ಮಧ್ಯಾಹ್ನದ ಊಟದವರೆಗೂ ಅದನ್ನೇ ಕೆತ್ತುವುದು. ಒಂದೇ ಎಳೆತಕ್ಕೆ ನುಣುಪಾಗಿ ಬರಬೇಕು. ಎರಡು ಸಲ ಕೆರೆದ ಕಡ್ಡಿಯನ್ನು ಅವರು ಮಾತಿಲ್ಲದೆ ಎತ್ತಿ ಅಂಗಳಕ್ಕೆ ಎಸೆಯುತ್ತಾರೆ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬನ ಮುಖ ನೋಡಬೇಕಿತ್ತು!

ಊಟವಾದ ಮೇಲೆ ನಿಜವಾದ ಕಸಿಕಡ್ಡಿ ಕೊಟ್ಟರು. ತಾಯಿಮರದಲ್ಲಿ ಅದನ್ನು ಆರಿಸಿ ಎಲೆ ಸವರಿ ವಾರಕ್ಕಿಂತ ಹೆಚ್ಚಾಗಿತ್ತು, ಹಾಗೆ ಮಾಡಿದರೇ ಮೊಗ್ಗು ಉಬ್ಬಿ ಚಿಗುರಲು ಸಿದ್ಧವಾಗುವುದು. ಎಳೆಯ ಮಾವಿನ ಸಸಿಯ ತಲೆ ಕತ್ತರಿಸಿ, ಕಾಂಡವನ್ನು ನಡುವೆ ಸೀಳಿ, ಅಷ್ಟೇ ದಪ್ಪದ ಕಡ್ಡಿಯ ಬುಡವನ್ನು ಎರಡೂ ಬದಿ ಚೂಪಾಗಿ ಕೆತ್ತಿ ಒಳಗೆ ಸಿಗಿಸುವುದು. ಎರಡರ ತೊಗಟೆಯ ಕೆಳಗಿನ ಹಸಿರು ಪದರಗಳು ಒಂದು ಬದಿಯಲ್ಲಾದರೂ ಕೂಡಲೇಬೇಕು. ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಕಡ್ಡಿ ಒಣಗದ ಹಾಗೆ ಐಸ್ ಕ್ಯಾಂಡಿ ಕವರಿನ ಟೊಪ್ಪಿಗೆ ಹಾಕಿದರೆ ಮುಗಿಯಿತು. ಚಿಗುರಲು ಸುಮಾರು ಮೂರು ವಾರ ಬೇಕು. ಪ್ರತಿಯೊಬ್ಬರೂ ತಾವು ಕಟ್ಟಿದ್ದನ್ನು ಮನೆಗೆ ಒಯ್ದು, ಆಮೇಲೆ ಫೋಟೋ ಕಳಿಸಬೇಕು, ಸತ್ತಿದ್ದರ ಫೋಟೋವನ್ನೂ. ಯಾಕೆ ಸತ್ತಿತು ಅಂತ ಇವರು ಒಂದೊಂದಕ್ಕೂ ಉತ್ತರ ಬರೆಯುತ್ತಾರೆ. ನನ್ನ ಲೆಕ್ಕದಲ್ಲಿ ಅರ್ಧ ಪಾಠ ಆಗುವುದು ಅಲ್ಲೇ.

ಮರುದಿನದ ಕಾರ್ಯಕ್ರಮ ಕೆಟ್ಟಿತು. ಮಳೆ ಹೊಳವಾಗಿ, ಅಡಿಕೆ ಮರ ಹತ್ತುವ ಕೊನೆಗೌಡ ಬೆಳಿಗ್ಗೆಯೇ ಬಂದು ನಿಂತ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಇಂಥ ಬಿಸಿಲಿಗೇ ಕಾಯುತ್ತಾರೆ, ಕೊನೆಗೌಡ ಸಿಗುವುದು ಅದಕ್ಕಿಂತ ಕಷ್ಟ. ಯಜಮಾನರು ತರಗತಿ ಕೈಬಿಟ್ಟು ಡ್ರಮ್ಮಿನ ಹತ್ತಿರ ಹೋದರು, ನಾವೂ ಹಿಂದೆ ಹೋದೆವು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿದ ಮೇಲೆ ಕಬ್ಬಿಣದ ಕತ್ತಿಯ ಅಲಗನ್ನು ಅದ್ದಿ ತೆಗೆದರು. ಅಲಗಿನ ಮೇಲೆ ತಾಮ್ರದ ಬಣ್ಣ ಹತ್ತಿತ್ತು. ಹುಳಿ ಇನ್ನೂ ಉಳಿದಿದೆ, ಹೀಗೇ ಹೊಡೆದರೆ ಗಿಡ ಸುಡುತ್ತದೆ ಅಂತ ಮತ್ತಷ್ಟು ಸುಣ್ಣದ ತಿಳಿ ಸುರಿದರು. ರಸಾಯನಶಾಸ್ತ್ರ ಓದಿ ಬಂದ ನನಗೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಹತ್ತದ ವಿಷಯ ಆ ಅಲಗು ನೋಡಿ ಹತ್ತಿತು.

ರೈತನೇ ಮೇಷ್ಟ್ರಾಗುವುದು ನಮ್ಮಲ್ಲಿ ಹೊಸದಲ್ಲ ಬಿಡು. ಪುತ್ತೂರಿನಲ್ಲಿ ‘ಅಡಿಕೆ ಪತ್ರಿಕೆ’ 1988ರಲ್ಲೇ ಕೃಷಿಕರ ಕೈಗೆ ಲೇಖನಿ ಕೊಟ್ಟಿತು. ದೊಡ್ಡಬಳ್ಳಾಪುರದ ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಂಡರು; ಸಾವಯವ ಕೃಷಿ ಕಲಿಯಲು ಎಲ್ಲೆಲ್ಲಿಂದಲೋ ಜನ ಅವರ ತೋಟಕ್ಕೇ ಬರುತ್ತಿದ್ದರು. ನೀನು ಹೆದರಿದ್ದು ‘ದುಡ್ಡು ತಗೊಂಡು ಕಲಿಸಿದರೆ ಊರವರು ಏನಂದಾರು’ ಅಂತ. ತಗೋ. ಇಲ್ಲಿ ಊಟ, ಮೂರು ಗಿಡ ಸೇರಿ ತಲೆಗೆ 800 ರೂಪಾಯಿ, ಮುಂಗಡ. ಪುಕ್ಕಟೆ ಇದ್ದಾಗ ಬರುತ್ತೇನೆಂದವರಲ್ಲಿ ಅರ್ಧ ಜನ ಬರುತ್ತಿರಲಿಲ್ಲವಂತೆ. ಅಕ್ಕಪಕ್ಕದ ಹಳ್ಳಿಯ ರೈತರಿಗೆ ಮಾತ್ರ ಈಗಲೂ ದುಡ್ಡಿಲ್ಲ.

ಇನ್ನೊಂದು ವಿಷಯ, ಇದನ್ನು ನಿನ್ನ ಹೆಂಡತಿಗೂ ಓದಿ ಹೇಳು. ಇಂಥ ಜಾಗಗಳಲ್ಲಿ ತರಗತಿ ಗಂಡಸರದು, ಇಪ್ಪತ್ತು ಜನರ ಅಡುಗೆ ಹೆಂಗಸರದು, ಹೆಸರು ಬರುವುದು ಜಗಲಿಗೆ ಮಾತ್ರ. ಈ ಮನೆಯ ಅತ್ತಿಗೆ ಮೊದಲ ವರ್ಷವೇ ಅದಕ್ಕೆ ಒಪ್ಪಲಿಲ್ಲ. ತರಗತಿಯ ದಿನ ಊರಿನ ಇಬ್ಬರು ಅಡುಗೆಗೆ ಬರುತ್ತಾರೆ, ಅವರ ಕೂಲಿ ಶುಲ್ಕದಲ್ಲೇ ಸೇರಿದೆ. ಅಪ್ಪೆಹುಳಿ, ತಂಬುಳಿ, ಅನ್ನ, ಮಜ್ಜಿಗೆ. ಅತ್ತಿಗೆ ನಮ್ಮ ಜೊತೆಗೇ ಕೂತು ಉಂಡರು. ಬಂದ ಹೆಂಗಸರು ತೊಡದೇವು ಮಾಡುವುದನ್ನು ಹೇಳಿಕೊಡಿ ಅಂತ ದುಂಬಾಲು ಬಿದ್ದರೆ, ‘ಆಲೆಮನೆ ಶುರುವಾಗಲಿ, ಕಬ್ಬಿನ ಹಾಲು ಬರಲಿ, ಆಗ ಬನ್ನಿ’ ಅಂದುಬಿಟ್ಟರು. ಅದು ಅವರ ತರಗತಿ, ಅದರ ದುಡ್ಡು ಅವರ ಖಾತೆಗೆ.

ಇನ್ನು ನಿನ್ನ ಪಟ್ಟಿ. ಅಣಬೆಯನ್ನು ನೀನು ಬೆಳೆದಿಲ್ಲ, ಸ್ಪಿರುಲಿನಾ ನೋಡಿಯೂ ಇಲ್ಲ. ಯೂಟ್ಯೂಬಿನಲ್ಲಿ ಕಂಡದ್ದನ್ನು ಕಲಿಸಲು ನಿನ್ನ ತೋಟದವರೆಗೆ ಯಾರಾದರೂ ಯಾಕೆ ಬರಬೇಕು? ನಮ್ಮಲ್ಲಿ ಕೊಬ್ಬರಿ ಇದೆ. ಬೆಂಗಳೂರಿನವರಿಗೆ ಕೊಬ್ಬರಿ ಅಂದರೆ ಅಂಗಡಿಯ ಗಿಟುಕು ಮಾತ್ರ. ಬಲಿತ ಕಾಯಿ ಸಿಪ್ಪೆ ಸಮೇತ ವರ್ಷದ ಹತ್ತಿರ ಅಟ್ಟದ ಮೇಲಿದ್ದು, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ ಅಂತ ಎಷ್ಟು ಜನಕ್ಕೆ ಗೊತ್ತು? ಕಾಯಿ ಅಲ್ಲಾಡಿಸಿ, ಸದ್ದು ಕೇಳಿಯೇ ಅಪ್ಪ ಆಗಿದೆ, ಆಗಿಲ್ಲ ಅನ್ನುತ್ತಾರಲ್ಲ, ಅದು ಒಂದಿಡೀ ಬೆಳಗಿನ ಪಾಠ. ಉಂಡೆ ಒಡೆಯದ ಹಾಗೆ ಚಿಪ್ಪು ಬಿಡಿಸುವುದು ಇನ್ನೊಂದು, ಅದನ್ನು ಕಲಿಸಬೇಕಾದವರು ಪ್ರತಿ ವರ್ಷ ಕೆಲಸಕ್ಕೆ ಬರುವ ಹೆಂಗಸರು. ಅವತ್ತಿನ ಮೇಷ್ಟ್ರು ಅವರೇ, ಸಂಬಳವೂ ಹಾಗೇ ಇರಲಿ.

ಬೋರ್ಡು ಬರೆಸಬೇಡ, ಈಗಲೇ ಷೆಡ್ಡೂ ಕಟ್ಟಿಸಬೇಡ. ಮೊದಲು ಅಪ್ಪನನ್ನು ಕೇಳು, ಒಪ್ಪಿದರೆ ನಮ್ಮ ಕಡೆಯ ಐದಾರು ಜನರನ್ನೇ ಕರೆದು ಒಂದು ದಿನ ಮಾಡಿ ನೋಡು. ಅಂಗಳದಾಚೆಯ ಪಾಯಿಖಾನೆಗೆ ಬಾಗಿಲು ಹಾಕಿಸು. ಅಟ್ಟದ ಏಣಿಯ ಮೂರನೇ ಮೆಟ್ಟಿಲು ಸಡಿಲಾಗಿದೆ, ಪರರನ್ನು ಹತ್ತಿಸುವ ಮೊದಲು ಅದನ್ನು ಸರಿ ಮಾಡಿಸು.

ನಿನ್ನ ಅಕ್ಕ